ಕೂತು ಕೂತು ಬಿಗಿಯಾದ ಸೊಂಟ: ಬರೀ ಸ್ಟ್ರೆಚ್ ಸಾಕಾ?

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಐಟಿ ಕೆಲಸ, ದಿನವಿಡೀ ಕುರ್ಚಿ. ಎದ್ದು ನಿಂತರೆ ತೊಡೆಸಂದಿನ ಮುಂಭಾಗ ಬಿಗಿ, ಸೊಂಟದ ಹಿಂದೆ ನೋವು. ವಿಡಿಯೋ ನೋಡಿ ದಿನಾ ಸ್ಟ್ರೆಚ್ ಮಾಡುತ್ತೇನೆ. ಸ್ವಲ್ಪ ಹೊತ್ತು ಹಗುರ ಅನ್ನಿಸುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಮೆಟ್ಟಿಲು ಹತ್ತುವಾಗ ಸೊಂಟ ಒಂದು ಕಡೆ ವಾಲುತ್ತದೆ ಅಂತ ಹೆಂಡತಿ ಹೇಳುತ್ತಾಳೆ. ಏನು ಮಾಡಲಿ?

ಉತ್ತರ (ಫಿಸಿಯೋಥೆರಪಿಸ್ಟ್): ನಿಮ್ಮ ಮನೆಯವರು ಗಮನಿಸಿದ್ದೇ ಮುಖ್ಯ ಸುಳಿವು. ಕನ್ನಡಿ ಮುಂದೆ ಒಂಟಿ ಕಾಲಲ್ಲಿ ನಿಲ್ಲಿ. ಎತ್ತಿದ ಕಾಲಿನ ಕಡೆ ಸೊಂಟ ಕೆಳಗೆ ಜಾರಿದರೆ, ನಿಂತ ಕಾಲಿನ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಸ್ನಾಯುವಿಗೆ ಬಲ ಸಾಲದು ಅಂತ ಅನುಮಾನಿಸಬಹುದು. ಜರ್ಮನಿಯ ಸರ್ಜನ್ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ಇದನ್ನು ವಿವರಿಸಿದ್ದರು. ಇಂಥ ಸೊಂಟಕ್ಕೆ ಸುಮ್ನೆ ಮುಂಭಾಗ ಎಳೆಯುತ್ತಾ ಕೂತರೆ ಸಾಲದು. ಪಕ್ಕಕ್ಕೂ ಹಿಂಭಾಗಕ್ಕೂ ಬಲ ಬರಬೇಕು.

ಮೊದಲು ಸ್ಟ್ರೆಚ್. ಒಂದು ಮಂಡಿ ಚಾಪೆ ಮೇಲೆ, ಇನ್ನೊಂದು ಪಾದ ಮುಂದೆ. ಇಲ್ಲಿ ಜಾಸ್ತಿ ಜನ ಬೆನ್ನು ಬಳುಕಿಸಿ ಮುಂದಕ್ಕೆ ನುಗ್ಗುತ್ತಾರೆ. ಆಗ ಒತ್ತಡವೆಲ್ಲ ಬೆನ್ನಿಗೇ ಹೋಗುತ್ತದೆ. ಮಂಡಿಯೂರಿದ ಕಡೆಯ ಪೃಷ್ಠ ಬಿಗಿ ಹಿಡಿದು, ಬೆಲ್ಟಿನ ಬಕಲ್ ಎದೆ ಕಡೆಗೆ ಏಳುವಂತೆ ಸೊಂಟ ತಿರುಗಿಸಿ. ಆಮೇಲೆ ಒಂದೆರಡು ಇಂಚು ಮುಂದೆ ಸರಿದರೂ ತೊಡೆಯ ಮುಂಭಾಗ ಎಳೆಯುವುದು ಗೊತ್ತಾಗುತ್ತದೆ. 30 ಸೆಕೆಂಡ್ ಹಿಡಿಯಿರಿ, ಎರಡೂ ಕಡೆ ಎರಡು ಸಲ.

ಕೂಡಲೇ ಬ್ರಿಡ್ಜ್ ಮಾಡಿ: ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿ 5 ಸೆಕೆಂಡ್ ನಿಲ್ಲಿಸಿ. 10 ಸಲ. ನಂತರ ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರ ಎತ್ತಿ. ಕಾಲು ಮುಂದಕ್ಕೆ ಬರಬಾರದು, ಹಿಮ್ಮಡಿ ಕೊಂಚ ಹಿಂದೆಯೇ ಇರಲಿ. ಬಲ ಬರಲು ವಾರಗಳೇ ಬೇಕು, ಅವಸರ ಬೇಡ.

ಪ್ರಶ್ನೆ: ಬ್ರಿಡ್ಜ್ ಮಾಡಿದೆ ಮೇಡಂ. ತೊಡೆಯ ಹಿಂಭಾಗ ಹಿಡಿದುಕೊಂಡಿತು!

ಉತ್ತರ: ಪಾದ ದೂರ ಇಟ್ಟಿರುತ್ತೀರಿ. ಹಿಮ್ಮಡಿಯನ್ನು ಪೃಷ್ಠದ ಹತ್ತಿರ ತನ್ನಿ. ಪೃಷ್ಠ ಬಿಗಿ ಮಾಡಿದ ಮೇಲೇ ಸೊಂಟ ಎತ್ತಿ. ಪೃಷ್ಠ ಸುಮ್ಮನಿದ್ದರೆ ಅದರ ಕೆಲಸವನ್ನೂ ತೊಡೆಯೇ ಮಾಡಬೇಕಾಗುತ್ತದೆ, ಅದಕ್ಕೇ ಹಿಡಿದುಕೊಳ್ಳುವುದು.

ಇನ್ನೊಬ್ಬರ ಪ್ರಶ್ನೆ: ನಮ್ಮ ಅಮ್ಮನಿಗೆ 64. ತೊಡೆಸಂದಿನಲ್ಲಿ ನೋವು, ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿಲ್ಲ. ಅವರೂ ಮಾಡಬಹುದಾ?

ಉತ್ತರ: ಈಗಲೇ ಬೇಡ. ಕೀಲು ಸವೆದಿರಬಹುದು. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಎಕ್ಸ್‌ರೇ ತೆಗೆಸಿ. ಯಾರಿಗೇ ಆಗಲಿ, ಕಾಲು ಜೋಮು ಹಿಡಿಯುತ್ತಿದ್ದರೆ ಅಥವಾ ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ ವ್ಯಾಯಾಮ ನಿಲ್ಲಿಸಿ, ಡಾಕ್ಟರನ್ನು ನೋಡಿ.