ಸೆಕೆಂಡರಿ ಶಾಲೆಯ ನಿಯಮಗಳು ಬರೀ ಮಕ್ಕಳಿಗಲ್ಲ

ಸೆಪ್ಟೆಂಬರ್ ಹತ್ತಿರ ಬಂತು ಅಂದರೆ ಇಂಗ್ಲೆಂಡಿನ ನಮ್ಮ ಮನೆಗಳಲ್ಲಿ ಇಯರ್ ಸೆವೆನ್, ಅಂದರೆ ಸೆಕೆಂಡರಿ ಶಾಲೆಯ ಮೊದಲ ವರ್ಷದ ಮಾತು ಶುರು. ಈ ವಾರ ನಮ್ಮ ಕನ್ನಡ ಪೋಷಕರ ಗುಂಪಿನಲ್ಲಿ ಹೆಚ್ಚಿನವರು ಕೇಳಿದ್ದು ಟ್ಯೂಷನ್ ಬಗ್ಗೆ, ಗಣಿತದಲ್ಲಿ ಯಾವ ಸೆಟ್ (ಮಕ್ಕಳ ಮಟ್ಟ ನೋಡಿ ಮಾಡುವ ತಂಡ) ಸಿಗುತ್ತದೆ ಅನ್ನುವ ಬಗ್ಗೆ. ಓದಿನ ವಿಷಯದಲ್ಲಿ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಬರೆಯುತ್ತಿರುವುದು ಶಾಲೆಯ ದಿನನಿತ್ಯದ ನಿಯಮಗಳ ಬಗ್ಗೆ. ಹನ್ನೊಂದು ವರ್ಷದ ಮಗು ಸೆಕೆಂಡರಿಗೆ ಕಾಲಿಟ್ಟ ಕೂಡಲೇ ಒಂದು ರಾಶಿ ನಿಯಮ ಅದರ ತಲೆ ಮೇಲೆ ಬೀಳುತ್ತದೆ. ಅದೆಲ್ಲ ಮಕ್ಕಳೇ ನೋಡಿಕೊಳ್ಳುತ್ತಾರೆ ಅಂತ ನಾವು ಸುಮ್ಮನಾಗಿಬಿಡುತ್ತೇವೆ. ಆದರೆ ಅದರಲ್ಲಿ ಅರ್ಧದಷ್ಟನ್ನು ಪಾಲಿಸುವುದು ಅಥವಾ ಮುರಿಯುವುದು ದೊಡ್ಡವರ ಕೈಯಲ್ಲೇ ಇದೆ. ಸ್ಕಾಟ್ಲೆಂಡ್, ವೇಲ್ಸ್ ಕಡೆಯವರಿಗೆ ವ್ಯವಸ್ಥೆ ಬೇರೆ, ಇದು ಇಂಗ್ಲೆಂಡಿನ ಮಾತು.

ಹಾಜರಿಯನ್ನೇ ನೋಡಿ. ಮಗು ಶಾಲೆ ತಪ್ಪಿಸಿದರೆ ಇಲ್ಲಿ ಕಾನೂನು ಹಿಡಿಯುವುದು ತಂದೆ ತಾಯಿಯನ್ನು. ದಿನಕ್ಕೆ ಎರಡು ಸೆಷನ್, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಹತ್ತು ಶಾಲಾ ವಾರಗಳಲ್ಲಿ ಅನುಮತಿ ಇಲ್ಲದೆ 10 ಸೆಷನ್ ತಪ್ಪಿದರೆ, ಅಂದರೆ ಐದು ದಿನ, ದಂಡದ ಬಗ್ಗೆ ಶಾಲೆ ಯೋಚಿಸಲೇಬೇಕು. 2024ರ ಆಗಸ್ಟ್‌ನಿಂದ ಇಡೀ ಇಂಗ್ಲೆಂಡಿಗೆ ಇದೇ ಅಳತೆ. 21 ದಿನದೊಳಗೆ ಕಟ್ಟಿದರೆ 80 ಪೌಂಡ್, ಆಮೇಲೆ 28 ದಿನದವರೆಗೆ 160 ಪೌಂಡ್. ಮೂರು ವರ್ಷದೊಳಗೆ ಅದೇ ಮಗುವಿನ ವಿಷಯದಲ್ಲಿ ಎರಡನೇ ಸಲ ಬಂದರೆ ನೇರವಾಗಿ 160. ಮೂರನೇ ಸಲ ಈ ದಂಡದ ದಾರಿಯೇ ಇಲ್ಲ, ವಿಷಯ ಕೋರ್ಟ್‌ವರೆಗೂ ಹೋಗಬಹುದು. ಜೊತೆಗೆ ಇದು ಮನೆಗೊಂದು ದಂಡ ಅಲ್ಲ. ತಂದೆಗೆ ಬೇರೆ, ತಾಯಿಗೆ ಬೇರೆ, ಅದೂ ಒಂದೊಂದು ಮಗುವಿನ ಲೆಕ್ಕದಲ್ಲಿ. ಇಬ್ಬರು ಮಕ್ಕಳಿದ್ದರೆ ಮೊದಲ ಸಲವೇ 320 ಪೌಂಡ್ ಆಗಬಹುದು.

ಶಾಲೆ ನಡೆಯುವಾಗಲೇ ಊರಿಗೆ ಹೋದರೆ ವಿಮಾನದ ಟಿಕೆಟ್‌ನಲ್ಲಿ ಅದಕ್ಕಿಂತ ಜಾಸ್ತಿ ಉಳಿಯುತ್ತದಲ್ಲ, ದಂಡ ಕಟ್ಟಿದರಾಯಿತು ಅನ್ನುವವರು ನಮ್ಮಲ್ಲಿ ಇದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ದುಡ್ಡಿನ ಮಾತು ಬಿಡಿ. "ಜ್ವರ ಬಂದಿತ್ತು ಅಂತ ಹೇಳು" ಅಂತ ಹೇಳಿಕೊಟ್ಟು ಮಗುವನ್ನು ಕಳಿಸುತ್ತೇವಲ್ಲ, ಅದು ನನಗೆ ತುಂಬಾ ನೋವು ಕೊಡುವ ವಿಷಯ. ಆ ಸುಳ್ಳನ್ನು ಮಗು ಟೀಚರ್ ಮುಂದೆಯೂ ಗೆಳೆಯರ ಮುಂದೆಯೂ ವಾರಗಟ್ಟಲೆ ಕಾಪಾಡಿಕೊಳ್ಳಬೇಕು. ಮುಂದೆ ಅದೇ ಮಗು ನಮಗೆ ಸುಳ್ಳು ಹೇಳಿದರೆ ಯಾವ ಬಾಯಲ್ಲಿ ಬೈಯುತ್ತೀರಿ?

ಊರಿನ ಮುಹೂರ್ತಕ್ಕೂ ಇಲ್ಲಿನ ರಜೆಗೂ ಹೊಂದುವುದಿಲ್ಲ, ಅದು ನಿಜವಾದ ಕಷ್ಟ. ಇಲ್ಲಿ ದೊಡ್ಡ ರಜೆ ಶುರುವಾಗುವುದು ಜುಲೈ ಕೊನೆಗೆ. ಅಷ್ಟು ಹೊತ್ತಿಗೆ ದಕ್ಷಿಣಾಯನ ಬಂದಿರುತ್ತದೆ, ಎಷ್ಟೋ ಸಲ ಆಷಾಢವೂ ಮುಗಿದಿರುವುದಿಲ್ಲ. ಮಗನ ಉಪನಯನ ಮಾಡಬೇಕು ಅನ್ನುವವರಿಗೆ ಏಪ್ರಿಲ್‌ನ ಈಸ್ಟರ್ ರಜೆಯ ಎರಡು ವಾರವೇ ಸರಿ, ಆಗ ಉತ್ತರಾಯಣ ಇರುತ್ತದೆ. ಶಾಲೆಯ ರಜೆ ಪಟ್ಟಿ ಬಹಳ ಮುಂಚೆಯೇ ಸಿಗುತ್ತದೆ. ಊರಿನ ಹಿರಿಯರಿಗೆ, ಪುರೋಹಿತರಿಗೆ ಆ ತಾರೀಕುಗಳನ್ನು ಮೊದಲೇ ಕೊಟ್ಟುಬಿಡಿ. ಮುಹೂರ್ತ ಇಟ್ಟ ಮೇಲೆ ಹೆಡ್ ಟೀಚರ್ ಹತ್ತಿರ ಹೋದರೆ "ವಿಶೇಷ ಸಂದರ್ಭ" ಅಂತ ಅವರು ಒಪ್ಪುವುದು ಅಪರೂಪ. ಚಿಕ್ಕಮ್ಮನ ಮಗಳ ಮದುವೆ ನಮಗೆ ಮನೆಯ ಮದುವೆ, ಅವರಿಗೆ ಹಾಗೆ ಕಾಣುವುದಿಲ್ಲ. ದೀಪಾವಳಿಯ ಮಾತು ಬೇರೆ. ಧಾರ್ಮಿಕ ಆಚರಣೆಯ ದಿನ ಅಂತ ಹಾಜರಿಯಲ್ಲಿ ಗುರುತು ಮಾಡಲು ಪ್ರತ್ಯೇಕ ಕೋಡ್ ಇದೆ, ಅದು ದಂಡದ ಲೆಕ್ಕಕ್ಕೆ ಸೇರುವುದಿಲ್ಲ. ಮೊದಲೇ ಬರೆದು ಕೇಳಿ. ಹುಷಾರಿಲ್ಲ ಅಂತ ಫೋನ್ ಮಾಡಿ ಮನೆಯಲ್ಲಿ ಹಬ್ಬ ಮಾಡಬೇಡಿ.

ತಡವಾಗಿ ಹೋಗುವುದೂ ಹೀಗೆಯೇ. ಹಾಜರಿ ಮುಚ್ಚಿದ ಮೇಲೆ ಮಗು ಬಂದರೆ ಆ ಸೆಷನ್ ಪೂರ್ತಿ ಅನುಮತಿ ಇಲ್ಲದ ಗೈರುಹಾಜರಿ ಆಗುತ್ತದೆ. ಕಾರು ಓಡಿಸುವವರು ನಾವು, ಡಿಟೆನ್ಷನ್‌ನಲ್ಲಿ ಅಂದರೆ ಶಿಕ್ಷೆಗೆ ಅಂತ ಶಾಲೆಯಲ್ಲೇ ಉಳಿದು ಕೂರುವುದು ಮಗು. ಇದು ನ್ಯಾಯವಾ?

ಡಿಟೆನ್ಷನ್ ಅಂದ ಕೂಡಲೇ ನಮ್ಮವರಿಗೆ ಎದೆ ಧಸಕ್ ಅನ್ನುತ್ತದೆ. ಪ್ರೈಮರಿಯಲ್ಲಿ ಒಬ್ಬರೇ ಟೀಚರ್, ಅವರಿಗೆ ಮಗುವಿನ ಸ್ವಭಾವ ಗೊತ್ತು. ಸೆಕೆಂಡರಿಯಲ್ಲಿ ಪಾಠಕ್ಕೊಬ್ಬ ಟೀಚರ್, ಪಾಠಕ್ಕೊಂದು ಕೋಣೆ. ಪೆನ್ ಮರೆತರೆ, ಪಿಇ (ವ್ಯಾಯಾಮದ ಪಾಠ) ಬಟ್ಟೆ ಮರೆತರೆ, ಹೋಮ್‌ವರ್ಕ್ ಕೊಡದಿದ್ದರೆ ಒಂದು ನೆಗೆಟಿವ್ ಪಾಯಿಂಟ್. ಅಂಥ ಪಾಯಿಂಟ್ ಒಂದು ಮಿತಿ ಮುಟ್ಟಿದರೆ ಊಟದ ಹೊತ್ತಿನಲ್ಲೋ ಶಾಲೆ ಬಿಟ್ಟ ಮೇಲೋ ಡಿಟೆನ್ಷನ್. ಮೊದಲ ಟರ್ಮ್‌ನಲ್ಲಿ ಒಳ್ಳೆಯ ಮಕ್ಕಳಿಗೂ ಒಂದೆರಡು ಸಲ ಆಗುತ್ತದೆ. ಅದಕ್ಕೆ ಮನೆಯಲ್ಲಿ ಅಳುವ ಹಾಗೆ ಬೈಯಬೇಡಿ. ಶಾಲೆಗೆ ಫೋನ್ ಮಾಡಿ ಕೂಗಾಡಲೂಬೇಡಿ. ಡಿಟೆನ್ಷನ್ ಕೊಡಲು ಪೋಷಕರ ಒಪ್ಪಿಗೆ ಬೇಕಾಗಿಲ್ಲ. 24 ಗಂಟೆ ಮುಂಚೆ ತಿಳಿಸಬೇಕು ಅನ್ನುವ ಹಳೆಯ ನಿಯಮವೂ 2011ರ ಕಾಯ್ದೆಯಿಂದ ಹೋಯಿತು. ಮಗು ಸುರಕ್ಷಿತವಾಗಿ ಮನೆಗೆ ಹೋಗುತ್ತದೆಯಾ ಅಂತ ಶಾಲೆ ನೋಡಬೇಕು, ಆದರೆ ಕರೆದುಕೊಂಡು ಬರಲು ನಮಗೆ ಅನುಕೂಲ ಇಲ್ಲ ಅನ್ನುವುದು ಕಾರಣ ಆಗುವುದಿಲ್ಲ.

ಇದಕ್ಕೇ ಒಂದು ಮಾತು ಒತ್ತಿ ಹೇಳುತ್ತೇನೆ. ಹೋಮ್‌ವರ್ಕ್, ಪಾಯಿಂಟ್, ಡಿಟೆನ್ಷನ್ ಎಲ್ಲವೂ ಈಗ ಕ್ಲಾಸ್ ಚಾರ್ಟ್ಸ್, ಸ್ಯಾಚಲ್ ಒನ್ ಥರದ ಆಪ್‌ನಲ್ಲಿ ಬರುತ್ತದೆ. ಪೋಷಕರಿಗೆ ಬೇರೆ ಲಾಗಿನ್ ಇದೆ. ಎಷ್ಟೋ ಮನೆಗಳಲ್ಲಿ ಅಪ್ಪನ ಲಾಗಿನ್ ಕೂಡ ಮಗನ ಫೋನ್‌ನಲ್ಲೇ ಇರುತ್ತದೆ. ಶಾಲೆ ಕಳಿಸಿದ ಇಮೇಲ್ ಏನು ಅಂತ ಮಗಳನ್ನು ಕೇಳಿ ತಿಳಿದುಕೊಳ್ಳುವ ಅಮ್ಮಂದಿರೂ ಇದ್ದಾರೆ. ಹೀಗಾದರೆ ಮನೆಗೂ ಶಾಲೆಗೂ ನಡುವೆ ಸುದ್ದಿ ಸಾಗಿಸುವ ಕೆಲಸ ಮಗುವಿನ ಮೇಲೆ ಬೀಳುತ್ತದೆ. ಯಾವುದನ್ನು ಹೇಳಬೇಕು, ಯಾವುದನ್ನು ಮುಚ್ಚಿಡಬೇಕು ಅಂತ ತೀರ್ಮಾನಿಸುವುದೂ ಅದೇ. ಅಷ್ಟು ಭಾರ ಹೊರುವ ವಯಸ್ಸಾ ಅದು? ಶಾಲೆಯ ವೆಬ್‌ಸೈಟ್‌ನಲ್ಲಿ ನಡವಳಿಕೆಯ ನಿಯಮಗಳ ಬಿಹೇವಿಯರ್ ಪಾಲಿಸಿ ಇರುತ್ತದೆ. ಒಂದು ಸಂಜೆ ಕೂತು ಅಪ್ಪ ಅಮ್ಮ ಇಬ್ಬರೂ ಓದಿ.

ಯೂನಿಫಾರ್ಮ್ ಬಗ್ಗೆ ಉದ್ದ ಬರೆಯುವುದಿಲ್ಲ. ಬ್ಲೇಜರ್, ಟೈ, ಕಪ್ಪು ಶೂ. ಸ್ಪೋರ್ಟ್ಸ್ ಶೂ ಕಪ್ಪಗಿದ್ದರೂ ಹೆಚ್ಚಿನ ಕಡೆ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಯೂನಿಫಾರ್ಮ್ ಸಿಗುವ ವ್ಯವಸ್ಥೆ ಶಾಲೆ ಮಾಡಬೇಕು, ಅದರ ವಿವರ ವೆಬ್‌ಸೈಟ್‌ನಲ್ಲಿ ಹಾಕಬೇಕು ಅಂತ ಸರ್ಕಾರದ ಸೂಚನೆಯೇ ಇದೆ, ಸಂಕೋಚ ಬೇಡ. ಮಗಳಿಗೆ ಮೂಗು ಚುಚ್ಚಿಸುವುದಿದ್ದರೆ, ಕಿವಿಗೆ ಇನ್ನೊಂದು ತೂತು ಮಾಡಿಸುವುದಿದ್ದರೆ, ಮೊದಲು ನಿಯಮ ಓದಿ. ಮಾಡಿಸಿದರೂ ಬೇಸಿಗೆ ರಜೆಯ ಮೊದಲ ದಿನಗಳಲ್ಲೇ ಮಾಡಿಸಿ. ಗಾಯ ಒಣಗಿಲ್ಲ, ತೆಗೆಯಲು ಆಗುವುದಿಲ್ಲ ಅಂದರೆ ಕೇಳುವುದಿಲ್ಲ. ಜನಿವಾರ, ದೇವರ ದಾರ, ಮೆಹಂದಿ ಇವುಗಳಿಗೆ ಮುಂಚೆಯೇ ಆ ವರ್ಷದ ಮಕ್ಕಳ ಹೊಣೆ ಹೊತ್ತ ಟೀಚರ್, ಅಂದರೆ ಹೆಡ್ ಆಫ್ ಇಯರ್‌ಗೆ ಒಂದು ಇಮೇಲ್ ಹಾಕಿ. ಪಿಇ ಹೊತ್ತಿನಲ್ಲಿ ಬಟ್ಟೆ ಬದಲಿಸುವಾಗ ಎಲ್ಲರ ಎದುರು ವಿವರಣೆ ಕೊಡುವ ಪಾಡು ಹುಡುಗನಿಗೆ ತಪ್ಪುತ್ತದೆ.

ಊಟದ ಡಬ್ಬಿ! ಎಷ್ಟೋ ಶಾಲೆಗಳಲ್ಲಿ ನಟ್ಸ್ ತರುವಂತಿಲ್ಲ. ಗೋಡಂಬಿ, ಬಾದಾಮಿ ನೆನಪಾಗುತ್ತದೆ, ಆದರೆ ಪುಳಿಯೋಗರೆ, ಚಿತ್ರಾನ್ನದ ಕಡಲೆಕಾಯಿ ಬೀಜ ಮರೆತುಹೋಗುತ್ತದೆ. ಶೇಂಗಾ ಚಟ್ನಿಪುಡಿಯೂ ಅಷ್ಟೇ. ಪಕ್ಕದಲ್ಲಿ ಕೂತ ಮಗುವಿಗೆ ಅಲರ್ಜಿ ಇದ್ದರೆ ಇದು ಪ್ರಾಣದ ಪ್ರಶ್ನೆ. ಇದರಲ್ಲಿ "ಒಂದು ದಿನಕ್ಕೆ ಏನಾಗುತ್ತದೆ" ಅನ್ನುವ ಮಾತೇ ಬೇಡ.

ಫೋನ್ ವಿಷಯ. ಶಾಲೆಯ ಹೊತ್ತಿನಲ್ಲಿ ಫೋನ್ ಬೇಡ ಅಂತ 2024ರ ಫೆಬ್ರವರಿಯಲ್ಲಿ ಶಿಕ್ಷಣ ಇಲಾಖೆ ಮಾರ್ಗಸೂಚಿ ಕೊಟ್ಟಿದೆ. ಮಕ್ಕಳು ಹೇಗೋ ಒಪ್ಪಿಕೊಳ್ಳುತ್ತಾರೆ. ಮಧ್ಯಾಹ್ನ ಮೆಸೇಜ್ ಮಾಡುವವರು ಅಮ್ಮಂದಿರು, ಅಪ್ಪಂದಿರು. ಬ್ಯಾಗಿನಲ್ಲಿ ಫೋನ್ ಸದ್ದು ಮಾಡಿ ಟೀಚರ್ ಕಿತ್ತುಕೊಂಡರೆ ತಪ್ಪು ಯಾರದ್ದು? ತುರ್ತಾದರೆ ಶಾಲೆಯ ಆಫೀಸಿಗೆ ಫೋನ್ ಮಾಡಿ.

ಸಸ್ಪೆನ್ಷನ್ ಆದರೂ, ಅಂದರೆ ಕೆಲವು ದಿನ ಶಾಲೆಗೆ ಬರಬೇಡ ಅಂದರೂ, ಹೊಣೆ ಮನೆಯವರದ್ದೇ. ಮೊದಲ ಐದು ಶಾಲಾ ದಿನ ಶಾಲೆಯ ಹೊತ್ತಿನಲ್ಲಿ ಮಗು ಹೊರಗೆ ಸಾರ್ವಜನಿಕ ಜಾಗದಲ್ಲಿ ಕಾಣಿಸಿಕೊಂಡರೆ ಪೋಷಕರಿಗೆ ದಂಡ ಬೀಳಬಹುದು. ತೀರ್ಮಾನ ಸರಿ ಅನ್ನಿಸದಿದ್ದರೆ ಶಾಲೆಯ ಆಡಳಿತ ಮಂಡಳಿಯ ಗವರ್ನರ್‌ಗಳಿಗೆ ಬರೆಯುವ ಹಕ್ಕು ನಮಗಿದೆ. ಮಾನ ಹೋಯಿತು ಅಂತ ಬಾಗಿಲು ಹಾಕಿಕೊಂಡು ಕೂರಬೇಡಿ, ಹಕ್ಕನ್ನು ಬಳಸಿ.

ಇಷ್ಟೆಲ್ಲ ಓದಿ ನಿಯಮ ಅಂದರೆ ಬರೀ ಕಟ್ಟುಪಾಡು ಅಂದುಕೊಳ್ಳಬೇಡಿ. ನಮ್ಮ ಮಕ್ಕಳನ್ನು ಕಾಪಾಡುವ ಮಾತುಗಳೂ ಅದರಲ್ಲೇ ಇವೆ. ಮಕ್ಕಳು ಒಬ್ಬರನ್ನೊಬ್ಬರು ಪೀಡಿಸದಂತೆ ಏನು ಮಾಡುತ್ತೇವೆ ಅಂತ ಸರ್ಕಾರಿ ಹಣದಿಂದ ನಡೆಯುವ ಪ್ರತಿ ಶಾಲೆಯೂ ಬರೆದಿಟ್ಟಿರಬೇಕು. ಹೆಸರನ್ನು ತಿರುಚಿ ಕೂಗುವುದು, ಬಣ್ಣದ ಬಗ್ಗೆ ಮಾತಾಡುವುದು, ಡಬ್ಬಿ ತೆರೆದ ಕೂಡಲೇ ಮೂಗು ಮುಚ್ಚಿಕೊಳ್ಳುವುದು, ಇವೆಲ್ಲ ಸೆಕೆಂಡರಿಯಲ್ಲಿ ಆಗುತ್ತವೆ. ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ "ಅಡ್ಜಸ್ಟ್ ಮಾಡಿಕೋ, ಓದಿನ ಕಡೆ ಗಮನ ಕೊಡು". ದಯವಿಟ್ಟು ಹಾಗೆ ಹೇಳಬೇಡಿ. ಡಿಟೆನ್ಷನ್ ಬಂದಾಗ "ನಿಯಮ ನಿಯಮವೇ" ಅಂದ ನಾವು ಈಗ ಅದೇ ನಿಯಮವನ್ನು ಹಿಡಿದು ಮಗುವಿನ ಪರ ನಿಲ್ಲಬೇಕಲ್ವಾ? ಮಗು ಹೇಳಿದ ಸಂಜೆಯೇ ಬರೆಯಿರಿ. ಯಾವ ದಿನ, ಯಾವ ಪಾಠದ ಹೊತ್ತಿನಲ್ಲಿ, ಎಲ್ಲಿ, ಆಡಿದ ಮಾತು ಏನು, ಯಾರು ನೋಡಿದರು, ಮಗು ಹೇಳಿದ ಹಾಗೆಯೇ. ಮಗುವಿನ ಕ್ಲಾಸ್ ನೋಡಿಕೊಳ್ಳುವ ಫಾರ್ಮ್ ಟ್ಯೂಟರ್‌ಗೂ ಹೆಡ್ ಆಫ್ ಇಯರ್‌ಗೂ ಒಟ್ಟಿಗೆ ಕಳಿಸಿ, ಏನು ಕ್ರಮ ತೆಗೆದುಕೊಳ್ಳುತ್ತೀರಿ, ಯಾವಾಗ ತಿಳಿಸುತ್ತೀರಿ ಅಂತ ಕೇಳಿ. ಇಂಗ್ಲಿಷ್‌ನಲ್ಲಿ ಬರೆಯಲು ಕಷ್ಟ ಅನ್ನುವವರು ನನಗೆ ಮೆಸೇಜ್ ಮಾಡಿ, ಕೂತು ಬರೆಯೋಣ.