ಕಂಪನಿ ದುಡ್ಡಲ್ಲಿ ಪಿಎಚ್‌ಡಿ: ಅನುಭವ ಇದ್ದವರು ಹೇಳಿ

ಗಂಗೋತ್ರಿ ಕ್ಯಾಂಟೀನ್: ಮೈಸೂರಲ್ಲಿ ಆಹಾರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ರಾಗಿ ಬಿಸ್ಕತ್ತಿನ ಕಂಪನಿಯೊಂದು ಫಂಡ್ ಕೊಡುತ್ತದಂತೆ. ಆದರೆ ಪೇಪರ್ ಕಳಿಸುವ ಮೊದಲು ಅವರ ಒಪ್ಪಿಗೆ ಬೇಕು. ಗೈಡ್ 'ನಿನ್ನಿಷ್ಟ' ಅಂದುಬಿಟ್ಟರು. ಏನು ಮಾಡಲಿ?

ರಿಂಗ್ ರೋಡ್: ನಾನು ತಗೊಂಡಿದ್ದೆ. ಕಾಗದದಲ್ಲಿ 12 ಲಕ್ಷ. ಆಗ ಜಿಎಸ್‌ಟಿ 18%, 'ಅದೂ ಸೇರಿಯೇ 12' ಅಂದರು ಕಂಪನಿಯವರು. ಓವರ್‌ಹೆಡ್ ಅಂತ, ಅಂದರೆ ಲ್ಯಾಬ್, ಕರೆಂಟಿನಂಥ ಖರ್ಚಿಗೆ, ಯೂನಿವರ್ಸಿಟಿ 15% ಹಿಡಿಯಿತು. ಉಳಿದದ್ದು ಎಂಟೂವರೆ ಚಿಲ್ಲರೆ. ಎಚ್‌ಪಿಎಲ್‌ಸಿ ಅನ್ನೋ ಯಂತ್ರದಲ್ಲಿ ಸ್ಯಾಂಪಲ್ ಬೇರ್ಪಡಿಸುವ ಕೊಳವೆ, ಆ ಕಾಲಮ್ಮಿಗೇ 48 ಸಾವಿರ, ಅದೂ ಬ್ಲಾಕ್ ಆಯಿತು. ಯುಸಿ, ಅಂದರೆ ದುಡ್ಡು ಖರ್ಚಾದ ಲೆಕ್ಕದ ಸರ್ಟಿಫಿಕೇಟ್, ತಡವಾಗಿ ಎರಡನೇ ಕಂತು ನಿಂತಿತು. ಅಷ್ಟರಲ್ಲಿ ಮ್ಯಾನೇಜರ್ ಕೆಲಸ ಬಿಟ್ಟ, ಹೊಸಬನಿಗೆ ನಮ್ಮ ಪ್ರಾಜೆಕ್ಟ್ ಹೆಸರೇ ಗೊತ್ತಿಲ್ಲ! ಆದರೂ ಥೀಸಿಸ್ ಮುಗಿಯಿತು, ಕೆಲಸವೂ ಸಿಕ್ಕಿತು. ಬೇಡ ಅನ್ನುವವರ ಮಾತು ಕೇಳಬೇಡಿ.

ಮಂಡ್ಯದ ಹುಡುಗಿ: 'ಬೇಡ ಅನ್ನುವವರು' ಅಂದರೆ ನಾನೇ. ನನ್ನದು ಬೆಲ್ಲದ ಕೆಲಸ. ಪಾಂಡವಪುರದ ಕಡೆ ಆಲೆಮನೆಗಳಿಂದ ಸ್ಯಾಂಪಲ್ ತಂದಿದ್ದೆ. ಬೆಲ್ಲ ಬೆಳ್ಳಗಾಗಲಿ ಅಂತ ಕೊಪ್ಪರಿಗೆಗೆ ಹೈಡ್ರೋಸ್ ಅನ್ನೋ ಬ್ಲೀಚಿಂಗ್ ಕೆಮಿಕಲ್ ಸುರೀತಾರಲ್ಲ, ಆ ಸ್ಯಾಂಪಲ್‌ಗಳನ್ನು ಬಿಟ್ಟುಬಿಡಿ ಅಂದಿತು ಕಂಪನಿ. ಬಿಡಲಿಲ್ಲ, ದುಡ್ಡೇ ಬಿಟ್ಟೆ. ಬಳೆ ಅಡ ಇಟ್ಟು ಕೆಮಿಕಲ್ ತಂದೆ, ಆ ಬಡ್ಡಿ ಈಗಲೂ ಕಟ್ಟುತ್ತಿದ್ದೇನೆ. ಅಮೆರಿಕದ ಸಕ್ಕರೆ ಉದ್ದಿಮೆ 6,500 ಡಾಲರ್ ಕೊಟ್ಟು ಹಾರ್ವರ್ಡ್‌ನವರಿಂದ ಲೇಖನ ಬರೆಸಿದ್ದು ನೆನಪಿದೆಯಾ? ಹೃದ್ರೋಗಕ್ಕೆ ಕೊಬ್ಬಿನದೇ ತಪ್ಪು, ಸಕ್ಕರೆಯದೇನಿಲ್ಲ ಅನ್ನುವ ಧಾಟಿ. ಅಚ್ಚಾದದ್ದು 1967, ಗುಟ್ಟು ರಟ್ಟಾದದ್ದು 2016.

ರಿಂಗ್ ರೋಡ್: ಅದಕ್ಕೂ ಇದಕ್ಕೂ ಏನು ಸಂಬಂಧ? ಆ ಲೇಖನ ಅಚ್ಚಾದ ಜರ್ನಲ್ ದುಡ್ಡಿನ ನಂಟು ಕೇಳಲು ಶುರುಮಾಡಿದ್ದೇ 1984ರಲ್ಲಿ. ಈಗ ಎಲ್ಲವನ್ನೂ ಹೇಳಲೇಬೇಕು.

ಮಂಡ್ಯದ ಹುಡುಗಿ: ಡೇಟಾ ಕಂಪನಿಯವರ ಬೀರುವಿನಲ್ಲಿದ್ದರೆ ಏನು ಹೇಳ್ತೀರಿ ಸರ್?

ಅಕೌಂಟ್ಸ್ ಸೆಕ್ಷನ್: 2024ರ ಅಕ್ಟೋಬರ್‌ನಿಂದ ಯೂನಿವರ್ಸಿಟಿಗಳ ರಿಸರ್ಚ್ ಗ್ರಾಂಟ್‌ಗೆ ಜಿಎಸ್‌ಟಿ ಇಲ್ಲ, ಖಾಸಗಿಯವರು ಕೊಟ್ಟರೂ. ಓವರ್‌ಹೆಡ್ ಬಗ್ಗೆ ಗೊಣಗುವವರೇ, ಲ್ಯಾಬ್ ಕರೆಂಟ್ ಬಿಲ್ ನಿಮ್ಮಪ್ಪ ಕಟ್ಟುತ್ತಾರಾ?

ರಿಂಗ್ ರೋಡ್: ಅಪ್ಪನ ತಂಟೆಗೆ ಬರಬೇಡಿ. ನಿಮ್ಮ ಸೆಕ್ಷನ್‌ನಲ್ಲೇ ನನ್ನ ಬಿಲ್ ಎರಡು ಸಲ ಕಳೆದಿದ್ದು.

ಗಂಗೋತ್ರಿ ಕ್ಯಾಂಟೀನ್: ಸರ್, ಆ ಒಪ್ಪಿಗೆ ಷರತ್ತು...

ಹಳೇ ಗೈಡ್: 'ಒಪ್ಪಿಗೆ' ಅನ್ನೋದನ್ನು ಹೊಡೆದು ಹಾಕಿಸಿ, '60 ದಿನದೊಳಗೆ ಓದಿ ನೋಡಬಹುದು' ಅಂತ ಬರೆಸಮ್ಮ. ಪೇಟೆಂಟ್ ಅರ್ಜಿಗೆ ಮುಂಚೆ ಪೇಪರ್ ಬಂದರೆ ಹೊಸತನ ಹೋಯಿತು, ಪೇಟೆಂಟ್ ಸಿಗಲ್ಲ ಅಂತ ಅವರಿಗೆ ಭಯ, ಅದು ನ್ಯಾಯವೇ. ಡೇಟಾ ಪ್ರತಿ ನಿನ್ನ ಹತ್ತಿರವೂ ಇರಲಿ.

ಆಲೆಮನೆ: ಯಾರಮ್ಮ ಹೈಡ್ರೋಸ್ ಅಂದಿದ್ದು? ಕಪ್ಪು ಬೆಲ್ಲಕ್ಕೆ ಮಂಡಿಯಲ್ಲಿ ರೇಟೇ ಕೊಡಲ್ಲ. ನೀವು ಮನೆಗೆ ತರೋದು ಯಾವುದು, ಅದನ್ನು ಮೊದಲು ಹೇಳಿ.