ಓಡುವಾಗ ಕಿವಿಗೆ ಹಾಡು ಬೇಕೇ, ಸುದ್ದಿ ಸಾಕೇ, ಏನೂ ಬೇಡವೇ? ಅನುಭವ ಇರುವವರು ತಿಳಿಸಿ

ಹೊಸ ಓಟಗಾರ:
ನನಗೆ 43 ವರ್ಷ. ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ. ನಾಲ್ಕು ತಿಂಗಳಿಂದ ವಾರಕ್ಕೆ ನಾಲ್ಕು ದಿನ, ದಿನಕ್ಕೆ 5 ಕಿ.ಮೀ. ಓಡುತ್ತಿದ್ದೇನೆ. ವರ್ಷದೊಳಗೆ ಹಾಫ್ ಮ್ಯಾರಥಾನ್ ಮುಗಿಸುವ ಆಸೆ. ಕಿವಿಯಲ್ಲಿ ಏನೂ ಇಲ್ಲದಿದ್ದರೆ ಎರಡನೆಯ ಕಿಲೋಮೀಟರಿಗೇ ಬೇಸರ ಬಂದು ನಡೆಯಲು ಶುರು ಮಾಡುತ್ತೇನೆ. ಇಯರ್‌ಫೋನ್ ಹಾಕಿಕೊಂಡು ರಸ್ತೆಯಲ್ಲಿ ಓಡಬೇಡಿ ಎಂದು ಮನೆಯಲ್ಲಿ ಹೆಂಡತಿ ಹೇಳುತ್ತಾಳೆ. ನೀವೆಲ್ಲ ಏನು ಮಾಡುತ್ತೀರಿ? ಇನ್ನೊಂದು ವಿಷಯ, ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೆ ಎಡ ಹಿಮ್ಮಡಿ ಚುಚ್ಚಿದಂತೆ ನೋಯುತ್ತದೆ. ಅದಕ್ಕೂ ಯಾರಾದರೂ ದಾರಿ ಹೇಳಿದರೆ ಉಪಕಾರ.

ಲಯದ ಹಿಂದೆ:
ಹಾಡಿಲ್ಲದೆ ನಾನು ಓಟಗಾರನೇ ಆಗುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಓಡುತ್ತಿದ್ದೇನೆ, ಹಾಡಿಲ್ಲದೆ ಓಡಿದ ದಿನಗಳನ್ನು ಎರಡು ಕೈಯ ಬೆರಳಿನಲ್ಲಿ ಎಣಿಸಬಹುದು. ಆದರೆ ಸಿಕ್ಕಿದ ಹಾಡನ್ನೆಲ್ಲ ಕೇಳುವುದಲ್ಲ. ಪ್ರತಿ ಹಾಡಿಗೂ ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಕುಳಿತು ಎಣಿಸಿದ್ದೇನೆ. ಮೈ ಬಿಸಿಯಾಗುವ ತನಕ 150ರ ಆಸುಪಾಸಿನವು, ಆಮೇಲೆ 164ರಿಂದ 168, ಕೊನೆಯ ಎರಡು ಕಿಲೋಮೀಟರಿಗೆ 174. ಈ ಪಟ್ಟಿ ಒಂದು ಹದಕ್ಕೆ ಬರಲು ಮೂರು ವರ್ಷ ಹಿಡಿಯಿತು. ನಡುವೆ ಒಂದು ನಿಧಾನದ ಹಾಡು ನುಸುಳಿದರೆ ಕಾಲು ತಾನಾಗಿ ಜೋಲುತ್ತದೆ, ಮತ್ತೆ ಹದಕ್ಕೆ ಬರಲು ಅರ್ಧ ಕಿಲೋಮೀಟರ್ ಬೇಕು.

ತೆತ್ತದ್ದನ್ನೂ ಹೇಳಿಬಿಡುತ್ತೇನೆ. ಕಳೆದುಕೊಂಡ ಇಯರ್‌ಫೋನ್‌ಗಳು ಏಳು. ಮೊದಲ ಮೂರು ತಂತಿಯವು, ಪ್ಲಗ್ಗಿನ ಕತ್ತಿನಲ್ಲೇ ತಂತಿ ಮುರಿಯಿತು. ನಾಲ್ಕನೆಯದರಲ್ಲಿ ಎಡಗಡೆ ಮಾತ್ರ ಸತ್ತಿತು, ಅದನ್ನು ಎಂಟು ತಿಂಗಳು ಹಾಗೆಯೇ ಬಳಸಿದೆ. ಐದನೆಯದು ನಾಲ್ಕೇ ವಾರ ಬಂತು, ನೀರು ತಡೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಆರನೆಯದು ಓಡುವಾಗಲೇ ಕಿವಿಯಿಂದ ಜಾರಿ ಚರಂಡಿಗೆ ಬಿತ್ತು. ಏಳನೆಯದಕ್ಕೆ ತಿಂಗಳ ಸಂಬಳದ ಆರನೆಯ ಒಂದು ಭಾಗ ಕೊಟ್ಟಿದ್ದೆ, ಅದೂ ಎರಡನೆಯ ಮಳೆಗಾಲ ಕಾಣಲಿಲ್ಲ. ಮೊದಲ ಹಾಫ್ ಮ್ಯಾರಥಾನಿನಲ್ಲಿ ವೇಗದ ಹಾಡುಗಳ ಬೆನ್ನು ಹತ್ತಿ ಮೊದಲ 10 ಕಿ.ಮೀ. ಅನ್ನು 52 ನಿಮಿಷದಲ್ಲಿ ಓಡಿದೆ. 14ನೆಯ ಕಿಲೋಮೀಟರಿನಲ್ಲಿ ಎರಡೂ ಮೀನಖಂಡ ಕಲ್ಲಾದವು. ಉಳಿದ ಏಳು ಕಿಲೋಮೀಟರಿಗೆ 71 ನಿಮಿಷ. ಆದರೂ ಹಾಡನ್ನು ಬಿಡಲಿಲ್ಲ, ಪಟ್ಟಿಯನ್ನು ತಿದ್ದಿದೆ. ಮುಂದಿನ ವರ್ಷ 1 ಗಂಟೆ 54 ನಿಮಿಷ. ನೀವೂ ಪಟ್ಟಿ ಮಾಡಿಕೊಳ್ಳಿ.

ಬಲಗಿವಿ:
ಮೇಲಿನವರ ಇಯರ್‌ಫೋನ್ ಲೆಕ್ಕ ಓದಿದೆ. ನನ್ನ ಲೆಕ್ಕ ಬೇರೆ. ಆರು ವರ್ಷ, ವಾರಕ್ಕೆ ಐದು ಗಂಟೆ, ವಾಹನಗಳ ಸದ್ದಿನ ಮೇಲೆ ಹಾಡು ಕೇಳಬೇಕೆಂದು ಧ್ವನಿಯನ್ನು ತುದಿಯವರೆಗೆ ಏರಿಸಿ ಓಡಿದೆ. ಒಂದು ಭಾನುವಾರ 18 ಕಿ.ಮೀ. ಮುಗಿಸಿ ಬಂದು ಸ್ನಾನಕ್ಕೆ ನಿಂತಾಗ ಬಲಗಿವಿಯಲ್ಲಿ ಸಣ್ಣಗೆ ಕೀ ಎಂಬ ಸದ್ದು ಶುರುವಾಯಿತು. ನಲ್ಲಿಯದಿರಬೇಕು ಎಂದು ನಲ್ಲಿ ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ. ಈಗ ಎರಡು ವರ್ಷ ಏಳು ತಿಂಗಳು.

ನಾಲ್ಕು ಸಲ ಶ್ರವಣ ಪರೀಕ್ಷೆ ಆಗಿದೆ. 4000 ಹರ್ಟ್ಸ್ ಎಂಬ ತಾರಕ ಸ್ವರದ ಬಳಿ ಗೆರೆ ಹಳ್ಳಕ್ಕೆ ಬಿದ್ದಂತೆ ಕೆಳಗಿಳಿಯುತ್ತದೆ, ಆ ಸ್ವರ ಬಲಗಿವಿಗೆ 40 ಡೆಸಿಬಲ್ ಜೋರಿದ್ದರೆ ಮಾತ್ರ ಕೇಳುತ್ತದೆ, ಎಡಕ್ಕೆ 25 ಸಾಕು. ಜೋರು ಸದ್ದಿನಿಂದ ಹಾಳಾದ ಕಿವಿಯ ಗುರುತೇ ಅದು ಎಂದರು. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲುಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿರುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಕೂಡಿ ಕಳೆದು ನೋಡಿ, 89ಕ್ಕೆ ಬಂದಾಗ ವಾರಕ್ಕೆ ಐದು ಗಂಟೆ ಮಾತ್ರ. ನಾನು ಅದಕ್ಕಿಂತ ಎಷ್ಟೋ ಮೇಲಿದ್ದೆ. ಈ ಲೆಕ್ಕ ನನಗೆ ಕಿವಿ ಕೆಟ್ಟ ಮೇಲೆ ಗೊತ್ತಾಯಿತು. ರಾತ್ರಿ ಮಲಗುವಾಗ ಫ್ಯಾನ್ ಬೇಕು, ಚಳಿಗಾಲದಲ್ಲೂ ಬೇಕು. ಫ್ಯಾನಿನ ಸದ್ದು ಇದ್ದರೆ ಕಿವಿಯದು ಸ್ವಲ್ಪ ಮುಚ್ಚುತ್ತದೆ. ಹೆಂಡತಿ ಎರಡು ಕಂಬಳಿ ಹೊದ್ದು ಮಲಗುತ್ತಾಳೆ.

ಲಯದ ಹಿಂದೆ:
ನಿಮಗಾದದ್ದಕ್ಕೆ ನಿಜವಾಗಿ ಬೇಸರವಿದೆ. ಆದರೆ ತಪ್ಪು ಧ್ವನಿಯನ್ನು ತುದಿಗೇರಿಸಿದ್ದರಲ್ಲಿದೆ, ಹಾಡಿನಲ್ಲಿಲ್ಲ. ನಾನು ಅರ್ಧಕ್ಕಿಂತ ಮೇಲೆ ಎಂದೂ ಇಟ್ಟಿಲ್ಲ. ನಾಲ್ಕು ತಿಂಗಳ ಹಿಂದೆ ಶುರು ಮಾಡಿದವರನ್ನು ಹೀಗೆ ಹೆದರಿಸಿದರೆ ಅವರು ಇಯರ್‌ಫೋನನ್ನಷ್ಟೇ ಅಲ್ಲ, ಓಟವನ್ನೂ ಬಿಡುತ್ತಾರೆ.

ಬಲಗಿವಿ:
ಹೆದರಿಸಬೇಕೆಂದೇ ಬರೆದೆ. ನನ್ನನ್ನು ಯಾರೂ ಹೆದರಿಸಿರಲಿಲ್ಲ.

ಬರಿಗಾಲ ದಾರಿ:
ಕಿವಿಗೇಕೆ ತುರುಕುತ್ತೀರಿ, ಕಾಲಿಗೇಕೆ ಕಟ್ಟುತ್ತೀರಿ? ನನ್ನ ಅನುಭವ ಕೇಳಿ. ದಪ್ಪ ಅಟ್ಟೆಯ ಶೂ ಹಾಕಿ, ಹಾಡು ಕೇಳುತ್ತಾ ನಾಲ್ಕು ವರ್ಷ ಓಡಿದೆ. ನಾಲ್ಕು ವರ್ಷವೂ ಬಲಮಂಡಿಯ ಹೊರಬದಿ ನೋವು. 23 ಸಲ ಫಿಸಿಯೋಥೆರಪಿ. ಮಂಡಿಯ ಪಟ್ಟಿ ಮೂರು ಬಗೆಯವು. ಹೊಸ ಶೂ ಕೊಂಡಾಗಲೆಲ್ಲ ಎರಡು ವಾರ ಹಗುರ, ಮತ್ತೆ ಅದೇ ಕಥೆ. ಐದನೆಯ ಜೋಡಿಯನ್ನು ಕಪಾಟಿನಲ್ಲಿಟ್ಟು ಬರಿಗಾಲಲ್ಲಿ ಇಳಿದೆ. ಮೊದಲ ದಿನ 400 ಮೀಟರ್. ಎರಡು ತಿಂಗಳು ಒಂದೂವರೆ ಕಿಲೋಮೀಟರಿನ ಮೇಲೆ ಹೋಗಲಿಲ್ಲ. ಅಂಗಾಲಿನ ಚರ್ಮ ಎರಡು ಸಲ ಸುಲಿಯಿತು, ಒಮ್ಮೆ ಗಾಜಿನ ಚೂರು ಹೊಕ್ಕು ಹನ್ನೆರಡು ದಿನ ಮನೆಯಲ್ಲಿ ಕುಳಿತೆ. ಏಳನೆಯ ತಿಂಗಳಿಗೆ 10 ಕಿ.ಮೀ. ಅಂದಿನಿಂದ ಮಂಡಿ ನೋವು ನನಗೆ ಗೊತ್ತೇ ಇಲ್ಲ.

ಕಿವಿ ತೆರೆದಿದ್ದರೆ ಹೆಜ್ಜೆ ನೆಲಕ್ಕೆ ಬೀಳುವ ಸದ್ದು ಕೇಳುತ್ತದೆ. ಟಪ್ ಎಂದು ಕೇಳಿದರೆ ತಪ್ಪಾಗಿ ಬಿದ್ದಿದೆ ಎಂದು ಅರ್ಥ. ಇದನ್ನು ಯಾವ ಹಾಡೂ ಹೇಳಿಕೊಡುವುದಿಲ್ಲ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರಲ್ಲಿ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ, 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ. ಕಿವಿಯಲ್ಲಿ ಏನೂ ಇರಲಿಲ್ಲ.

ಸಂಜೆಯ ಹೆಜ್ಜೆ:
ಬಿಕಿಲನ ಹೆಸರು ಬಂದದ್ದರಿಂದ ಸುಮ್ಮನಿರಲು ಆಗುತ್ತಿಲ್ಲ. ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿದ, ಮೂರು ನಿಮಿಷ ಬೇಗ ಮುಗಿಸಿ ಮತ್ತೆ ಚಿನ್ನ ಗೆದ್ದ. ಕರುಳುಬಾಲದ (ಅಪೆಂಡಿಕ್ಸ್) ಶಸ್ತ್ರಚಿಕಿತ್ಸೆ ಆಗಿ ಕೆಲವೇ ವಾರಗಳಾಗಿದ್ದವು. ಬರಿಗಾಲ ಪಂಥದವರು ರೋಮ್ ಹೇಳುತ್ತಾರೆ, ಟೋಕಿಯೋ ಹೇಳುವುದಿಲ್ಲ.

ನಾನು ಇಂಥ ಮಾತು ನಂಬಿಯೇ ಮೂರು ವರ್ಷದ ಹಿಂದೆ ತೆಳು ಅಟ್ಟೆಗೆ ಬದಲಾದೆ. ಆರನೆಯ ವಾರ ಎಡಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ತೋರಿಸಬಹುದಾದಷ್ಟು ಒಂದೇ ಜಾಗದಲ್ಲಿ ನೋವು. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇನ್ನೂ ಒಂಬತ್ತು ದಿನ ಓಡಿದೆ, ಅದು ನನ್ನ ದೊಡ್ಡ ತಪ್ಪು. ಎಂಆರ್‌ಐ ಮಾಡಿಸಿದಾಗ ಎರಡನೆಯ ಬೆರಳಿನ ಹಿಂದಿನ ಉದ್ದ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಐದು ವಾರ ಗಟ್ಟಿ ಬೂಟು, ಸ್ನಾನಕ್ಕೂ ಕುರ್ಚಿ. ಹನ್ನೊಂದು ವಾರ ಓಟವಿಲ್ಲ. ಹನ್ನೆರಡನೆಯ ವಾರ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಹೀಗೆ ಆರು ಸುತ್ತು. ಆ ಮೊದಲ ಒಂದು ನಿಮಿಷ ಮುಗಿದಾಗ ರಸ್ತೆ ಬದಿಯಲ್ಲಿ ನಿಂತು ಅತ್ತೆ. ಕಟ್ಟಿದ್ದ ಪ್ರವೇಶ ಶುಲ್ಕ ಎರಡು ಓಟದ್ದು, ಎರಡೂ ಮರಳಿ ಬರಲಿಲ್ಲ.

ಇಯರ್‌ಫೋನ್ ಬಗ್ಗೆ: ಕತ್ತಲಲ್ಲಿ ಒಬ್ಬಳೇ ಓಡುವ ಹೆಂಗಸಿಗೆ ಎರಡೂ ಕಿವಿ ಮುಚ್ಚುವ ಸ್ವಾತಂತ್ರ್ಯ ಇಲ್ಲ. ಹಿಂದೆ ಬರುವ ಹೆಜ್ಜೆ ಕೇಳಲೇಬೇಕು. ಎಡಗಿವಿಗೆ ಮಾತ್ರ ಹಾಕುತ್ತೇನೆ, ಧ್ವನಿ ಕಡಿಮೆ.

ಬರಿಗಾಲ ದಾರಿ:
ಮೇಡಂ, ನಿಮ್ಮದು ತೆಳು ಅಟ್ಟೆಯ ಶೂ, ನನ್ನದು ಬರಿಗಾಲು. ಎರಡೂ ಒಂದಲ್ಲ. ತೆಳು ಅಟ್ಟೆ ಚರ್ಮಕ್ಕೆ ನೋವು ಆಗದಂತೆ ತಡೆಯುತ್ತದೆ, ಆಗ ಮೂಳೆ ತಾಳುವುದಕ್ಕಿಂತ ಹೆಚ್ಚು ಓಡಿಬಿಡುತ್ತೀರಿ. ಬರಿಗಾಲಾದರೆ ಚರ್ಮವೇ ನಿಲ್ಲಿಸುತ್ತಿತ್ತು. ಆರು ವಾರದಲ್ಲಿ ಎಷ್ಟಕ್ಕೆ ಏರಿಸಿದ್ದಿರಿ, ಅದನ್ನು ಬರೆದಿಲ್ಲ.

ಸಂಜೆಯ ಹೆಜ್ಜೆ:
ವಾರಕ್ಕೆ 22 ಕಿ.ಮೀ. ಹಳೆಯ ಶೂನಲ್ಲಿ 45 ಓಡುತ್ತಿದ್ದೆ. ಅರ್ಧಕ್ಕಿಂತ ಕಡಿಮೆ. ಮೂಳೆ ಮುರಿದದ್ದು ನನ್ನದು, ಅವಸರ ಮಾಡಿದೆ ಎಂದು ನೀವು ತೀರ್ಪು ಕೊಡುವುದು ಬೇಡ ಸರ್.

ಬೆಳಗಿನ ಸುದ್ದಿ:
ಹಾಡು, ಶೂ ಎಲ್ಲ ಆಯಿತು. ಸುದ್ದಿಯ ಬಗ್ಗೆ ಅವರು ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. ನಾನು ಹನ್ನೊಂದು ವರ್ಷ ಸುದ್ದಿ ಕೇಳುತ್ತಲೇ ಓಡಿದವನು. ನಿವೃತ್ತನಾದ ಮೇಲೆ ಶುರು ಮಾಡಿದೆ, ಈಗ 71. ಮೊದಲು ವಾರ್ತೆ, ಆಮೇಲೆ ಆಟದ ಸುದ್ದಿ, ಕೊನೆಗೆ ಚರ್ಚೆ. ಮನೆಗೆ ಬರುವಷ್ಟರಲ್ಲಿ ದಿನಪತ್ರಿಕೆ ಹಳೆಯದಾಗಿರುತ್ತಿತ್ತು.

2020ರಲ್ಲಿ ಅದನ್ನು ನಿಲ್ಲಿಸಿದೆ. ಸಾಂಕ್ರಾಮಿಕದ ದಿನಗಳು. ನಿನ್ನೆ ಇಷ್ಟು ಸಾವು, ಇಂದು ಇಷ್ಟು ಎಂದು ಕೇಳುತ್ತಾ ಮನೆಯ ತಾರಸಿಯ ಮೇಲೆ ಸುತ್ತು ಹಾಕುತ್ತಿದ್ದೆ. ಕೈಗಡಿಯಾರದಲ್ಲಿ ನಾಡಿಬಡಿತ ಬರೆದಿಡುವ ಅಭ್ಯಾಸ ನನಗೆ. ಅದೇ ವೇಗ, ಅದೇ ಸುತ್ತು, ಮಾರ್ಚ್‌ಗೆ ಮೊದಲು 124 ಇದ್ದದ್ದು ಮೇ ತಿಂಗಳಿಗೆ 138. ಬೆಚ್ಚಗಿನ ಹವೆಯಿಂದ ಸ್ವಲ್ಪ ಏರುತ್ತದೆ, ಅದು ಗೊತ್ತು. ಅದಕ್ಕೇ ಒಂದು ವಾರ ಸುದ್ದಿ ಬಿಟ್ಟು ಅದೇ ಹೊತ್ತಿನಲ್ಲಿ ಓಡಿ ನೋಡಿದೆ, 127. ಮತ್ತೆ ಹಾಕಿದೆ, 136. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಅಂದಿನಿಂದ ಓಡುವಾಗ ಸುದ್ದಿ ಇಲ್ಲ. ಮನೆಗೆ ಬಂದು ಕುಳಿತು ಓದುತ್ತೇನೆ, ಅಕ್ಷರ ನನ್ನ ವೇಗಕ್ಕೆ ಬರುತ್ತದೆ.

ಲಯದ ಹಿಂದೆ:
ಸರ್, ಹಾಡು ಹಾಕಿ ಅದೇ ಪರೀಕ್ಷೆ ಮಾಡಿದ್ದೀರಾ? ನಾಡಿ ಇಳಿಯದಿದ್ದರೂ ದಣಿವು ಕಡಿಮೆ ಅನಿಸುತ್ತದೆ, ಅದು ನನ್ನ ಅನುಭವ. ಹೆಜ್ಜೆಗೆ ತಾಳ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ನಿಮಿಷಕ್ಕೆ 180 ಹೆಜ್ಜೆ ಎಂದು ದೊಡ್ಡ ತರಬೇತುದಾರರೇ ಹೇಳಿದ್ದಾರೆ.

ಬೆಳಗಿನ ಸುದ್ದಿ:
ಆ 180 ಎಲ್ಲಿಂದ ಬಂತು ಎಂದು ನೋಡಿದ್ದೀರಾ? ಜ್ಯಾಕ್ ಡೇನಿಯಲ್ಸ್ ಎಂಬ ತರಬೇತುದಾರ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕುಳಿತು ಓಟಗಾರರ ಹೆಜ್ಜೆ ಎಣಿಸಿದ. ಬಹುತೇಕ ಎಲ್ಲರೂ 180 ಅಥವಾ ಅದಕ್ಕಿಂತ ಮೇಲೆ. ಜಗತ್ತಿನ ಅತಿ ವೇಗದವರನ್ನು ಸ್ಪರ್ಧೆಯ ದಿನ ಎಣಿಸಿದ ಸಂಖ್ಯೆ ಅದು. ನನ್ನ ವಯಸ್ಸಿಗೆ, ಪ್ರಶ್ನೆ ಕೇಳಿದವರ ಐದು ಕಿಲೋಮೀಟರಿಗೆ ಅದನ್ನು ಹೇರಿದರೆ ಉಸಿರು ಕಟ್ಟುತ್ತದೆ. ಹಾಡಿನಲ್ಲಿ ಓಡಿ ನೋಡಿಲ್ಲ, ನನಗೆ ಹಾಡನ್ನು ಕುಳಿತು ಕೇಳಬೇಕು.

ಲಯದ ಹಿಂದೆ:
ನಾನು ಅವರಿಗೆ 180 ಮಾಡಿ ಎಂದೆನೇ? ನನ್ನ ಪಟ್ಟಿ 174ಕ್ಕೆ ನಿಲ್ಲುತ್ತದೆ ಎಂದು ಮೊದಲೇ ಬರೆದಿದ್ದೇನೆ. ಓದದೆ ಉತ್ತರಿಸುವುದು ಹಿರಿಯರಿಗೆ ಶೋಭೆಯಲ್ಲ.

ಬೆಳಗಿನ ಸುದ್ದಿ:
ಓದಿದ್ದೇನೆ. 14ನೆಯ ಕಿಲೋಮೀಟರಿನಲ್ಲಿ ಏನಾಯಿತು ಎಂಬುದನ್ನೂ ಓದಿದ್ದೇನೆ.

ಹೊಸ ಓಟಗಾರ:
ಎಲ್ಲರಿಗೂ ಧನ್ಯವಾದ. ದಯವಿಟ್ಟು ನನ್ನ ಕಾರಣಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ. ಹಿಮ್ಮಡಿಯ ಬಗ್ಗೆ ಯಾರೂ ಹೇಳಲಿಲ್ಲ. ಇಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದೆ.

ಸಂಜೆಯ ಹೆಜ್ಜೆ:
ಕ್ಷಮಿಸಿ, ನಿಮ್ಮ ಪ್ರಶ್ನೆಯನ್ನೇ ಮರೆತೆವು. ಮೊದಲ ಹೆಜ್ಜೆಗೆ ಚುಚ್ಚಿ, ಹತ್ತಾರು ಹೆಜ್ಜೆ ನಡೆದ ಮೇಲೆ ಹಗುರಾಗುತ್ತದೆಯೇ? ಹಾಗಿದ್ದರೆ ಅದು ಬಹುಮಟ್ಟಿಗೆ ಅಂಗಾಲಿನ ಕೆಳಗಿನ ದಪ್ಪ ಪೊರೆಯ ನೋವು. ನನಗೂ ಬಿರುಕಿನ ಮುಂಚಿನ ವರ್ಷ ಬಂದಿತ್ತು, ಹೋಗಲು ಒಂಬತ್ತು ತಿಂಗಳು ತೆಗೆದುಕೊಂಡಿತು. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಬಗ್ಗಿಸಿ ಹತ್ತು ಸಲ ಎಳೆಯುತ್ತಿದ್ದೆ. ಆಮೇಲೆ ಮೆಟ್ಟಿಲಿನ ಅಂಚಿನಲ್ಲಿ ಬೆರಳ ಕೆಳಗೆ ಟವೆಲ್ ಸುರುಳಿ ಇಟ್ಟು, ಒಂದೇ ಕಾಲಿನ ಮೇಲೆ ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವುದು, ದಿನ ಬಿಟ್ಟು ದಿನ. ಮನೆಯೊಳಗೂ ಬರಿಗಾಲಲ್ಲಿ ಓಡಾಡಲಿಲ್ಲ. ಓಟವನ್ನು ಪೂರ್ತಿ ನಿಲ್ಲಿಸಲಿಲ್ಲ, 3 ಕಿ.ಮೀ.ಗೆ ಇಳಿಸಿದೆ. ಕುಳಿತಾಗಲೂ ನೋವಿದ್ದರೆ, ಊತ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಬರಿಗಾಲ ದಾರಿ:
ಮನೆಯೊಳಗೂ ಬರಿಗಾಲು ಬೇಡವಂತೆ! ಒಂದು ಪಾದದಲ್ಲಿ 26 ಮೂಳೆಗಳಿವೆ. ಅವನ್ನು ಕೆಲಸಕ್ಕೆ ಹಚ್ಚದೆ ಚಪ್ಪಲಿಯಲ್ಲಿ ಮಲಗಿಸಿದರೆ ಹಿಮ್ಮಡಿ ನೋಯದೆ ಇನ್ನೇನಾಗುತ್ತದೆ?

ಸಂಜೆಯ ಹೆಜ್ಜೆ:
ಅದರಲ್ಲಿ ಒಂದು ಮುರಿದಾಗ ಎಷ್ಟಿವೆ ಎಂದು ನನಗೂ ಹೇಳಿದ್ದರು. ನೋವಿರುವ ಕಾಲನ್ನು ಬರಿಗಾಲಲ್ಲಿ ನಡೆಸಿ ಎಂದು ಅವರಿಗೆ ದಯವಿಟ್ಟು ಹೇಳಬೇಡಿ. ಬಿರುಕು ಬಿಟ್ಟರೆ ನೀವು ಬಂದು ಬೂಟು ಕಟ್ಟುವುದಿಲ್ಲ.

ಹೊಸ ಓಟಗಾರ:
ಹೌದು ಮೇಡಂ, ಹತ್ತು ಹೆಜ್ಜೆಗೆ ಹಗುರಾಗುತ್ತದೆ. ಟವೆಲ್ ವ್ಯಾಯಾಮ ನಾಳೆಯಿಂದ ಶುರು ಮಾಡುತ್ತೇನೆ. ಇಯರ್‌ಫೋನ್ ಒಂದೇ ಕಿವಿಗೆ, ಅರ್ಧಕ್ಕಿಂತ ಕಡಿಮೆ ಧ್ವನಿಯಲ್ಲಿ ಎಂದು ಹೆಂಡತಿಯೊಡನೆ ಒಪ್ಪಂದವಾಗಿದೆ. ಬಲಗಿವಿಯವರನ್ನು ಒಂದು ಮಾತು ಕೇಳಬಹುದೇ? ನೀವು ಈಗಲೂ ಓಡುತ್ತೀರಾ? ಓಡುವಾಗ ಆ ಸದ್ದು ಇರುತ್ತದೆಯೇ?

ಬಲಗಿವಿ:
ಓಡುತ್ತೇನೆ. ಇರುತ್ತದೆ. ಮೊದಲ ಎರಡು ಕಿಲೋಮೀಟರ್ ಅದೊಂದೇ ಕೇಳುತ್ತದೆ. ಮೂರನೆಯದರಲ್ಲಿ ಉಸಿರು ಜೋರಾಗಿ ಅದನ್ನು ಮುಚ್ಚುತ್ತದೆ. ಅದಕ್ಕೇ ಈಗ ಯಾವ ದಿನವೂ 3 ಕಿ.ಮೀ.ಗಿಂತ ಕಡಿಮೆ ಓಡುವುದಿಲ್ಲ. ನಿಂತ ಮೇಲೆ ಉಸಿರು ಇಳಿಯಲು ನಾಲ್ಕೈದು ನಿಮಿಷ ಬೇಕು, ಅಷ್ಟು ಹೊತ್ತು ಗೇಟಿನ ಹೊರಗೇ ನಿಂತಿರುತ್ತೇನೆ.